ದರ ಏರಿಕೆ, ಮತ್ತೆ ಆ ಎಲ್‌ಟಿವಿ ಅಂಕಿಯ ಬಗ್ಗೆ

ಶಾಪಿಫೈನಲ್ಲಿ (ಆನ್‌ಲೈನ್ ಅಂಗಡಿ ತೆರೆಯುವ ವೇದಿಕೆ) ಅಂಗಡಿ ಇಟ್ಟು, ಗ್ರಾಹಕರಿಗೆ ವಾಟ್ಸಾಪ್‌ನಲ್ಲಿ ಆರ್ಡರ್ ಮೆಸೇಜು ಕಳಿಸಲು ನಮ್ಮ ಆ್ಯಪ್ ಬಳಸುವ ಎಲ್ಲ ಅಂಗಡಿಯವರಿಗೂ ಶರಣು.

ಮೊದಲು ತಪ್ಪೊಪ್ಪಿಗೆ. ಕಳೆದ ತಿಂಗಳ ನಮ್ಮ ಮೇಲ್‌ನಲ್ಲಿ ನಿಮ್ಮ ಅಂಗಡಿಯ ಹೆಸರಿನ ಕೆಳಗೆ ‘ಎಲ್‌ಟಿವಿ’ (ಲೈಫ್‌ಟೈಮ್ ವ್ಯಾಲ್ಯೂ, ಅಂದರೆ ಒಬ್ಬರಿಂದ ಒಟ್ಟು ನಮಗೆ ಉಳಿಯುವ ದುಡ್ಡು) ಎಂದು ಒಂದು ಅಂಕಿ ಬಂತಲ್ಲ, ಅದು ನಮ್ಮ ಒಳಗಿನ ಲೆಕ್ಕ. ಶೀಟ್‌ನ ಒಂದು ಕಾಲಂ ಮುಚ್ಚುವುದು ಮರೆತೆವು. ಅದರ ಹಿಂದೆಯೇ ದರ ಏರಿಕೆಯ ಸುದ್ದಿಯೂ ಬಂತು. ನಿಮಗೆ ಸಿಟ್ಟು ಬಂದಿದ್ದು ಸಹಜ.

ಫೋನಿನಲ್ಲಿ ಕೇಳಿದ್ದು ಹೆಚ್ಚು ಕಡಿಮೆ ಒಂದೇ ಮಾತು. ಬೀದರಿನಿಂದ ಬಿದ್ರಿ ಸಾಮಾನು ಮಾರುವವರೊಬ್ಬರು ಹೇಳಿದ ಹಾಗೆ: “ಸಂತ್ಯಾಗ ಎತ್ತಿನ ಹಲ್ಲು ನೋಡಿದಂಗ ನಮ್ಮನ್ನ ನೋಡ್ಲಾಕತ್ತೀರಿ. ನಮಗೂ ರೇಟ್ ಕಟ್ಟೀರೇನ್ರೀ?”

ಇಲ್ಲ ಅಣ್ಣಾ. ಆ ಅಂಕಿ ನಿಮ್ಮ ರೇಟ್ ಅಲ್ಲ. ಒಬ್ಬ ಅಂಗಡಿಯವರು ನಮ್ಮ ಆ್ಯಪ್ ಹಾಕಿಕೊಂಡ ದಿನದಿಂದ ತೆಗೆದುಹಾಕುವ ದಿನದವರೆಗೆ ನಮ್ಮ ಕೈಯಲ್ಲಿ ಎಷ್ಟು ದುಡ್ಡು ಉಳಿಯಬಹುದು ಅನ್ನುವ ಅಂದಾಜು, ಅಷ್ಟೇ. ತಿಂಗಳಿಗೆ ನೂರಕ್ಕೆ ಐದು ಜನ ಬಿಟ್ಟು ಹೋಗುತ್ತಾರೆ ಅಂದುಕೊಳ್ಳಿ. ಆಗ ಒಬ್ಬರು ಸರಾಸರಿ 20 ತಿಂಗಳು ಇರುತ್ತಾರೆ. ನೀವು ತಿಂಗಳಿಗೆ ಕೊಡುವ 6 ಡಾಲರ್‌ನಲ್ಲಿ ಮೆಸೇಜು, ಸರ್ವರ್, ಫೋನ್ ಎತ್ತುವವರ ಸಂಬಳ ಹೋಗಿ 2 ಡಾಲರ್ ಉಳಿದರೆ 20 ತಿಂಗಳಿಗೆ 40 ಡಾಲರ್. ಹೊಸಬರೊಬ್ಬರನ್ನು ತರಲು ಜಾಹೀರಾತಿಗೇ 30 ಡಾಲರ್ ಸುರಿದರೆ, ಅದು ವಾಪಸ್ ಬರಲು 15 ತಿಂಗಳು ಬೇಕು. ಐದನೇ ತಿಂಗಳಿಗೆ ಅವರ ಅಂಗಡಿಯೇ ಮುಚ್ಚಿದರೆ? 20 ಡಾಲರ್ ನಮ್ಮ ತಲೆ ಮೇಲೆ. ಈ ಲೆಕ್ಕ ಇಲ್ಲದೆ ಕಣ್ಣು ಮುಚ್ಚಿ ಖರ್ಚು ಮಾಡಿದ್ದರೆ ನಾವು ಇಷ್ಟು ದಿನ ಇರುತ್ತಿರಲಿಲ್ಲ.

ಆದರೆ ಲೆಕ್ಕವೇ ತಪ್ಪಿತ್ತು. ಅದು ಗೊತ್ತಾಗಿದ್ದು ನಿಮ್ಮ ಬೈಗುಳದಿಂದಲೇ. ಚಿತ್ತಾಪುರ ಕಡೆಯ ತೊಗರಿ ಬೇಳೆಯವರೊಬ್ಬರು “ಮೂರು ವರ್ಷದಿಂದ ನಿಮ್ಮ ಜೋಡಿ ಇದೀನಿ, ನಂದು ಐದೇ ತಿಂಗಳಿನ ಲೆಕ್ಕ ತೋರಿಸ್ತದಲ್ರೀ” ಎಂದರು. ಶೀಟ್ ತೆಗೆದು ನೋಡಿದೆವು. ಅವರದು ಜನವರಿಗೆ ಹೊಸ ಬೇಳೆ ಬಂದಾಗ ಶುರು, ಮೇ ಮುಗಿದ ಮೇಲೆ ಬಂದ್. ಆ್ಯಪ್ ತೆಗೆದುಹಾಕಿದ ಕೂಡಲೇ ನಮಗೆ ಸೂಚನೆ ಬರುತ್ತದೆ, ಅವರ ಸಾಲು ಕೆಂಪಾಗುತ್ತದೆ. ಮುಂದಿನ ಜನವರಿಗೆ ಮತ್ತೆ ಹಾಕಿಕೊಂಡರೆ ಹೊಸ ಸಾಲು. ಮೂರು ವರ್ಷಕ್ಕೆ ಮೂರು ಸಾಲು. ಒಬ್ಬರೇ ಮನುಷ್ಯರನ್ನು ನಾವು ಮೂರು ಸಲ ಕಳೆದುಕೊಂಡಿದ್ದೆವು! ಅಂಗಡಿಯ ವಿಳಾಸ ಮೂರರಲ್ಲೂ ಅದೇ. ನಾವೇ ಕಣ್ಣು ಹಾಯಿಸಿರಲಿಲ್ಲ.

ಇನ್ನೊಂದು ವಿಷಯ. ಬಿಟ್ಟು ಹೋಗುವವರಲ್ಲಿ ಜಾಸ್ತಿ ಜನ ಮೊದಲ ಎರಡು ತಿಂಗಳಲ್ಲೇ ಹೋಗುತ್ತಾರೆ. ಆರು ತಿಂಗಳು ದಾಟಿದವರು ಸುಮ್ನೆ ಹೋಗುವುದಿಲ್ಲ. ಎಲ್ಲರನ್ನೂ ಕಲಸಿ ಸರಾಸರಿ ತೆಗೆದರೆ ಆ 20 ತಿಂಗಳು ಯಾರದೂ ಅಲ್ಲ. ಹೊಸಬರನ್ನು ತರುವ ಖರ್ಚನ್ನು ಹಳಬರು ಹೊರುತ್ತಿದ್ದಿರಿ, ಅಲ್ವಾ? ಹೌದು, ಹೊರುತ್ತಿದ್ದಿರಿ.

ಅದಕ್ಕೇ ಹೋದ ತಿಂಗಳು ಹೇಳಿದ ದರ ರದ್ದು. ಹೊಸಬರಿಗೆ ಮುಂದಿನ ತಿಂಗಳಿಂದ 8 ಡಾಲರ್. ನಿಮಗೆ ಬರುವ ಯುಗಾದಿವರೆಗೆ 6ರಲ್ಲಿ ಬದಲಾವಣೆ ಇಲ್ಲ, ಆಮೇಲೆ 7. ಆಗಲೂ ನೀವು ಶಾಪಿಫೈ ಪರದೆಯಲ್ಲಿ ಒಪ್ಪಿಗೆ ಒತ್ತದೆ ಒಂದು ಸೆಂಟೂ ಜಾಸ್ತಿ ಆಗದು. ಸೀಸನ್ ವ್ಯಾಪಾರದವರಿಗೆ ‘ವಿರಾಮ’ ಬಟನ್ ಬಂದಿದೆ. ಆ್ಯಪ್ ತೆಗೆಯಬೇಡಿ, ಅದನ್ನು ಒತ್ತಿ. ದುಡ್ಡು ಹೋಗಲ್ಲ, ನಿಮ್ಮ ಮೆಸೇಜುಗಳ ನಮೂನೆಗಳು ಹಾಗೇ ಉಳಿಯುತ್ತವೆ.

ಆ ಒಂದು ಡಾಲರ್ ಯಾಕೆ? ವಾಟ್ಸಾಪ್. ಮೊದಲು 24 ಗಂಟೆಯ ಮಾತುಕತೆಗೆ ಒಂದು ಲೆಕ್ಕ ಇತ್ತು. 2025ರ ಜುಲೈನಿಂದ ಮೆಟಾದವರು ನಾವು ಕಳಿಸುವ ಒಂದೊಂದು ಟೆಂಪ್ಲೇಟ್ (ಮೊದಲೇ ಬರೆದಿಟ್ಟ ನಮೂನೆಯ) ಮೆಸೇಜಿಗೂ ಲೆಕ್ಕ ಹಾಕುತ್ತಾರೆ. ಬೆಳಿಗ್ಗೆ ‘ಆರ್ಡರ್ ಬಂತು’, ಮಧ್ಯಾಹ್ನ ‘ಕ್ಯಾಶ್ ಆನ್ ಡೆಲಿವರಿ ಖಚಿತ ಮಾಡಿ’, ಸಂಜೆ ‘ಪಾರ್ಸಲ್ ಹೊರಟಿತು’. ಗ್ರಾಹಕರು ನಡುವೆ ಉತ್ತರ ಬರೆಯದಿದ್ದರೆ ಮೂರಕ್ಕೂ ಈಗ ಬೇರೆ ಬೇರೆ ಲೆಕ್ಕ. ಇಷ್ಟು ದಿನ ಅದನ್ನು ನಾವೇ ನುಂಗಿಕೊಂಡೆವು, ಯಾರಿಗೂ ಹೇಳಲಿಲ್ಲ. ಹೇಳಬೇಕಿತ್ತೇನೋ. ‘ದುರಾಸೆ’ ಎಂಬ ಮಾತು ಕೇಳಿದಾಗ ನಿಜಕ್ಕೂ ನೋವಾಯಿತು.

ಕೆಲವರು “ಶಾಪಿಫೈನವರೇ ಅರ್ಧ ತಿಂತಾರೆ, ಪಾಪ ಇವರೇನು ಮಾಡ್ತಾರೆ” ಎಂದು ನಮ್ಮ ಪರ ವಾದಿಸಿದ್ದೀರಿ. ಋಣಿ. ಆದರೆ ಅದು ಖರೇ ಅಲ್ಲ. ನಮ್ಮಂಥ ಚಿಕ್ಕವರ ಹತ್ತಿರ ಮೊದಲ 10 ಲಕ್ಷ ಡಾಲರ್ ಗಳಿಕೆಯವರೆಗೆ ಅವರು ಪಾಲು ಕೇಳುವುದಿಲ್ಲ. 2.9% ಪ್ರೊಸೆಸಿಂಗ್ ಶುಲ್ಕ ಹೋಗುತ್ತದೆ, ಅಷ್ಟೇ. ಆ 10 ಲಕ್ಷ ಇನ್ನೂ ಬಹಳ ದೂರ ಇದೆ ಬಿಡಿ.

ಫೋನ್ ಮೊದಲಿನಂತೆಯೇ ನಾವೇ ಎತ್ತುತ್ತೇವೆ, ಕನ್ನಡದಲ್ಲೂ ಹಿಂದಿಯಲ್ಲೂ. ಹಳೆಯ ಸಾಲುಗಳನ್ನು ಜೋಡಿಸುವ ಕೆಲಸ ನಡೆದಿದೆ. ಮುಂಚೆ ಆ್ಯಪ್ ತೆಗೆದು ಮತ್ತೆ ಹಾಕಿಕೊಂಡವರು ಒಂದು ಮೇಲ್ ಹಾಕಿ, ನಿಮ್ಮ ಮೊದಲ ದಿನದಿಂದಲೇ ಹಳಬರೆಂದು ಬರೆದುಕೊಳ್ಳುತ್ತೇವೆ. ಬೇಳೆ ಅಣ್ಣನವರದು ಆಗಲೇ ಆಯಿತು.

ಕಲಬುರಗಿಯಿಂದ,
ನಿಮ್ಮ ಆರ್ಡರ್ ಆ್ಯಪ್‌ನವರು