ಕಾಲು ಉಳುಕಿರಲಿಲ್ಲ ಕಣೋ

ಪ್ರೀತಿಯ ಮಂಜ,

ಚಿಕ್ಕಮಗಳೂರಲ್ಲಿ ಮಳೆ ಬಿಟ್ಟಿಲ್ಲ. ಮುಳ್ಳಯ್ಯನಗಿರಿ ಮುಖ ತೋರಿಸಿ ಹತ್ತು ದಿನ ಆಯ್ತು. ಈ ಪತ್ರವನ್ನು ಎಲ್ಲರೂ ಓದುವ ಜಾಗದಲ್ಲೇ ಹಾಕುತ್ತಿದ್ದೇನೆ. ಹೆದರಬೇಡ, ನಮ್ಮಿಬ್ಬರಿಗೇ ಗೊತ್ತಿರುವ ಆ ಪಾತ್ರೆಯ ವಿಷಯ ಬರೆಯುವುದಿಲ್ಲ.

ನಿನ್ನ ಮರೂನ್ ಟೋಪಿ, ಎದೆಯ ಮೇಲಿನ ಬಲಿದಾನ ಬ್ಯಾಡ್ಜ್ ನೋಡಿದವರೆಲ್ಲ ಮೈಕಟ್ಟಿನ ಮಾತಾಡುತ್ತಾರೆ. ನೀನು ನನಗಿಂತ ಸಣ್ಣಗಿದ್ದೆ ಅಂದರೆ ನಂಬುವುದಿಲ್ಲ. ಸೇನೆಯ ವಿಶೇಷ ಪಡೆಯಾದ ಪ್ಯಾರಾ ಎಸ್‌ಎಫ್ ಪ್ರೊಬೇಷನ್‌ಗೆ ನಿನ್ನ ಜೊತೆ ಬಂದವರಲ್ಲಿ ನಿನಗಿಂತ ಗಟ್ಟಿ ಆಳುಗಳಿದ್ದರಂತೆ, ಅವರಲ್ಲೇ ಕೆಲವರು ಮೊದಲ ವಾರಕ್ಕೆ ಯೂನಿಟ್‌ಗೆ ವಾಪಸ್ ಹೋದರಂತೆ. ನೀನೇ ಹೇಳಿದ್ದು. ಯಾರೂ ಕುತ್ತಿಗೆ ಹಿಡಿದು ದಬ್ಬಲ್ಲ, ನಮ್ಮ ಇಷ್ಟದಿಂದ ಬಂದಿರುತ್ತೇವೆ, 'ಸಾಕು' ಅಂದರೆ ಮುಗೀತು. ನಿದ್ದೆ ಬಿಟ್ಟು ಹೊರೆ ಹೊತ್ತ ಆ 36 ಗಂಟೆಯ ಪರೀಕ್ಷೆಯಲ್ಲಿ ಏನು ಯೋಚಿಸುತ್ತಿದ್ದೆ ಅಂತ ಕೇಳಿದ್ದಕ್ಕೆ, "ಎದುರಿಗಿರೋ ಮರ. ಅಲ್ಲಿಗೆ ಹೋಗೋದು. ಆಮೇಲೆ ಇನ್ನೊಂದು ಮರ" ಅಂದಿದ್ದೆ. ನಾಳೆ ಬೆಳಿಗ್ಗೆಯ ಬಗ್ಗೆ ಯೋಚಿಸಿದವನು ಉಳಿಯಲಿಲ್ಲ ಅಂದಿದ್ದೆ.

ಆಗ ನನಗೆ ಪೂರ್ತಿ ಅರ್ಥ ಆಗಿರಲಿಲ್ಲ. ಈಚೆಗೆ ಅಮೆರಿಕದ ನೌಕಾಪಡೆಯ ಸೀಲ್ ಕಮಾಂಡೊ ತರಬೇತಿಯ ಬಗ್ಗೆ ಓದಿದೆ. ಕ್ಯಾಲಿಫೋರ್ನಿಯದ ಕೊರೊನಾಡೊ ಕಡಲ ದಂಡೆಯಲ್ಲಿ ಅವರಿಗೊಂದು ನರಕದ ವಾರವಂತೆ. ಐದೂವರೆ ದಿನ, ಚಳಿ ನೀರು, ಒಟ್ಟು ಸೇರಿಸಿದರೆ ಸುಮಾರು 4 ಗಂಟೆ ನಿದ್ದೆ. ಸಾಕೆನಿಸಿದವನು ಹಿತ್ತಾಳೆ ಗಂಟೆಯನ್ನು ಮೂರು ಸಲ ಬಾರಿಸಿ, ಹೆಲ್ಮೆಟ್ಟನ್ನು ಸಾಲಿನಲ್ಲಿಟ್ಟು ಹೊರಡಬಹುದು. ಆ ವಾರ ಪೂರ್ತಿ ಗೆಲ್ಲಬೇಕು ಅಂತ ನೋಡಬೇಡ, ಮುಂದಿನ ಊಟದವರೆಗೆ ಇರು. ಉಸಿರು ನಿಧಾನ ಮಾಡು. ಒಳಗೊಳಗೇ ನಿನ್ನ ಜೊತೆ ನೀನು ಆಡುವ ಮಾತಿನ ಮೇಲೆ ಕಣ್ಣಿಡು. ಅಲ್ಲಿ ಕಲಿಸುವುದು ಇಷ್ಟು. ನಿನ್ನ ಮರವೇ ಅಲ್ವಾ?

ಅದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಹಾಸನದ ಸೇನಾ ಭರ್ತಿ ರ‍್ಯಾಲಿ ನೆನಪಿದೆಯಲ್ಲ. ಬಸ್ ಸ್ಟ್ಯಾಂಡಿನಲ್ಲಿ ಒಂದೇ ಬೆಡ್‌ಶೀಟ್ ಹೊದ್ದು ಮಲಗಿದ್ದು, ಕತ್ತಲಲ್ಲೇ ಕ್ರೀಡಾಂಗಣದ ಕ್ಯೂ. 1.6 ಕಿಲೋಮೀಟರ್, ನಾಲ್ಕು ಸುತ್ತು. 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪೂರ್ತಿ 60 ಅಂಕ. ಮೂರನೇ ಸುತ್ತಿನಲ್ಲಿ ನಾನು ನಿನಗಿಂತ ಮುಂದೆ ಇದ್ದೆ. ಉಸಿರು ಇತ್ತು. ಕಾಲೂ ಇತ್ತು. ಇನ್ನೊಂದು ಸುತ್ತು ಪೂರ್ತಿ ಇದೆಯಲ್ಲ ಅಂತ ಒಂದು ಯೋಚನೆ ಬಂತು ನೋಡು, ಅಷ್ಟೇ. ಪಕ್ಕಕ್ಕೆ ಸರಿದು ಪಾದ ಹಿಡಿದುಕೊಂಡು ಕೂತುಬಿಟ್ಟೆ.

ಕಾಲು ಉಳುಕಿರಲಿಲ್ಲ ಕಣೋ.

ಅಮ್ಮ ಮೂರು ದಿನ ಬಿಸಿ ಉಪ್ಪಿನ ಗಂಟಿನ ಶಾಖ ಕೊಟ್ಟಳು. ಮೂರನೇ ದಿನ ಸಂಜೆ ಮರೆತು ಎಡಗಾಲು ಚಾಚಿದೆ. ಉಳುಕಿದೆ ಅಂತ ಹೇಳಿದ್ದು ಬಲಗಾಲು. ಅಮ್ಮನ ಕೈ ಒಂದು ಗಳಿಗೆ ನಿಂತಿತು. ನನ್ನ ಮುಖ ನೋಡಲಿಲ್ಲ. ಗಂಟನ್ನು ಎಡಗಾಲಿಗೇ ಒತ್ತಿದಳು. ಇವತ್ತಿನವರೆಗೂ ಒಂದು ಮಾತು ಕೇಳಿಲ್ಲ.

ಪಕ್ಕದ ಮನೆಯ ಹುಡುಗ ಈಗ ಅಗ್ನಿವೀರ್‌ಗೆ ತಯಾರಿ ಮಾಡುತ್ತಿದ್ದಾನೆ. ಬೆಳಿಗ್ಗೆ ನಾನೇ ಮೊಬೈಲಿನಲ್ಲಿ ಟೈಮ್ ನೋಡುತ್ತೇನೆ. ಕಳೆದ ಭಾನುವಾರ ಮೂರನೇ ಸುತ್ತಿನಲ್ಲಿ ಅವನ ಹೆಜ್ಜೆ ಸಡಿಲವಾಯಿತು, ಆದರೂ ಮುಗಿಸಿದ. ಆಮೇಲೆ ನೀರು ಕುಡಿಯುತ್ತಾ ಕೇಳಿದ, "ಅಣ್ಣ, ಕಾಲು ಉಳುಕದಿದ್ರೆ ನೀವೂ ಮಂಜಣ್ಣನ ಜೊತೆ ಇರ್ತಿದ್ರಿ ಅಲ್ವಾ?" ಹೌದು ಅಂದೆ. ಇಷ್ಟು ವರ್ಷ ಆದ ಮೇಲೂ ಹೌದು ಅಂದೆ. ಬಿಟ್ಟು ಬಂದಿದ್ದಕ್ಕಿಂತ ಈ ಹೌದು ನನ್ನನ್ನು ಜಾಸ್ತಿ ಸುಡುತ್ತಿದೆ. ಓಟ ಬಿಟ್ಟಿದ್ದು ಒಂದೇ ಸಲ, ಅದನ್ನು ಮುಚ್ಚಿಟ್ಟಿದ್ದು ಎಷ್ಟು ಸಲವೋ. ಆ ಹುಡುಗನಿಗೆ ಬೇಕಿರುವುದು ನನ್ನ ಮೂರನೇ ಸುತ್ತಿನ ನಿಜ, ನಾನು ಕೊಟ್ಟಿದ್ದು ಉಳುಕಿದ ಕಾಲು.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಬರೆದಾಯ್ತು, ಇರಲಿ. ಈ ಭಾನುವಾರ ಐದೂವರೆಗೆ ಹುಡುಗ ಗ್ರೌಂಡಿಗೆ ಬರುತ್ತಾನೆ, ಓಟಕ್ಕೆ ಮೊದಲೇ ಹೇಳಿಬಿಡುತ್ತೇನೆ.

ಕಳಲೆ ಬಂದಿದೆ. ಅಮ್ಮ ನೀರಿಗೆ ಹಾಕಿಟ್ಟಿದ್ದಾಳೆ, ನಾಳೆ ಅಕ್ಕಿರೊಟ್ಟಿ ಜೊತೆ ಪಲ್ಯ. ನಿನ್ನ ರಜೆ ಯಾವಾಗ ಅಂತ ದಿನಾ ಕೇಳುತ್ತಾಳೆ. ಬಂದಾಗ ಸರ್ಪದಾರಿ ಕಡೆಯಿಂದ ಗಿರಿ ಹತ್ತೋಣ. ಪಾತ್ರೆ ಮಾತ್ರ ನೀನೇ ಹೊರಬೇಕು.

ನಿನ್ನ,
ಕಡೂರು ಟಿಕೆಟ್