ರ‍್ಯಾಪ್ ಕೇಳಿಯೇ ತೀರ್ಪು ಕೊಡೋಣ

ಮಾನ್ಯ ಸಂಪಾದಕರೇ,

ಮದುವೆ, ಮೆಹಂದಿಗಳಲ್ಲಿ ಹುಡುಗರು ರ‍್ಯಾಪ್ ಹಾಕಿದ ಕೂಡಲೇ ‘ರಾಗವಿಲ್ಲ, ಭಾವವಿಲ್ಲ, ಇದೂ ಒಂದು ಸಂಗೀತವೇ’ ಎಂದು ನನ್ನ ವಾರಗೆಯವರು ಮೂಗು ಮುರಿಯುವುದು ನಮ್ಮೂರಿನಲ್ಲಿ ಸಾಮಾನ್ಯವಾಗಿದೆ. ರಾಗದ ಅಳತೆಗೋಲಿಗೆ ಅದು ಸಿಗುವುದಿಲ್ಲ, ನಿಜ. ಅದರ ಕಸುಬು ಇರುವುದು ಲಯದಲ್ಲಿ, ಪ್ರಾಸದಲ್ಲಿ, ಉಸಿರನ್ನು ಎಲ್ಲಿ ಹಿಡಿದು ಎಲ್ಲಿ ಬಿಡಬೇಕೆಂಬ ಲೆಕ್ಕಾಚಾರದಲ್ಲಿ. ವೇಷವಿಲ್ಲದೆ ಕುಳಿತು ಮಾತಿನಲ್ಲೇ ಯಕ್ಷಗಾನ ಪ್ರಸಂಗ ನಡೆಸುವ ತಾಳಮದ್ದಳೆಯಲ್ಲಿ ಬರೆದಿಟ್ಟ ಸಂಭಾಷಣೆಯಿಲ್ಲದೆ, ಎದುರು ಅರ್ಥಧಾರಿಯ ಮಾತಿಗೆ ಸ್ಥಳದಲ್ಲೇ ಮಾತು ಹೊಸೆಯುವವರನ್ನು ಕೇಳಿ ತಲೆದೂಗಿದ ಕರಾವಳಿಯವರಿಗೆ, ಇಬ್ಬರು ಯುವಕರು ತಾಳ ತಪ್ಪದೆ ಸವಾಲು ಜವಾಬು ನಡೆಸುವುದು ಅಷ್ಟೊಂದು ಪರಕೀಯವೆನಿಸಬಾರದು. (ಪ್ರಾಸದ ಕಟ್ಟು ಅವರಿಗೆ ಹೆಚ್ಚುವರಿ ಹೊರೆ!)

1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನ ಬಡ ಬಡಾವಣೆಗಳಲ್ಲಿ ರೂಪುಗೊಂಡ ಹಿಪ್ ಹಾಪ್ ಪರಂಪರೆಯ ರ‍್ಯಾಪ್ ಗಾಯಕ ಕೆಂಡ್ರಿಕ್ ಲಮಾರ್ ಅವರಿಗೆ, ಅದುವರೆಗೆ ಶಾಸ್ತ್ರೀಯ ಮತ್ತು ಜಾಝ್ ರಚನೆಗಳಿಗಷ್ಟೇ ಸಲ್ಲುತ್ತಿದ್ದ ಅಮೆರಿಕದ ಪ್ರತಿಷ್ಠಿತ ಪುಲಿಟ್ಜರ್ ಸಂಗೀತ ಪ್ರಶಸ್ತಿ 2018ರಲ್ಲಿ ಸಂದಿದೆ.

ಹಾಗೆಂದು ಎಲ್ಲವನ್ನೂ ಒಪ್ಪಬೇಕಿಲ್ಲ. ಹೆಣ್ಣನ್ನು ಹೀಯಾಳಿಸುವ, ದುಡ್ಡು ಮತ್ತು ಮದ್ಯದ ಬಡಾಯಿ ಕೊಚ್ಚುವ ಸಾಲುಗಳ ಬಗ್ಗೆ ಹಿರಿಯರ ಆಕ್ಷೇಪ ನ್ಯಾಯವಾದುದೇ. ಆದರೆ ಎದೆ ನಡುಗಿಸುವ ಸದ್ದಿನ ಕುರಿತಾದ ದೂರು ಧ್ವನಿವರ್ಧಕದ ಮೇಲಿರಬೇಕೇ ಹೊರತು ಹಾಡಿನ ಮೇಲಲ್ಲ. ಭಜನೆಯನ್ನೂ ಅಷ್ಟೇ ಜೋರಾಗಿ ಹಾಕುವವರು ನಮ್ಮಲ್ಲಿದ್ದಾರೆ.

ಕನ್ನಡ, ತುಳು ಎರಡರಲ್ಲೂ ಈಗ ರ‍್ಯಾಪ್ ಬರೆಯುವವರಿದ್ದಾರೆ. ಯಕ್ಷಗಾನ, ನಾಟಕಗಳ ವಿಮರ್ಶೆಗೆ ಜಾಗ ಕೊಡುವ ತಮ್ಮ ಪತ್ರಿಕೆಯು ಅವರ ಸಾಹಿತ್ಯವನ್ನೂ ಅದೇ ನಿಷ್ಠುರತೆಯಿಂದ ಪರಿಶೀಲಿಸಬೇಕೆಂದು ವಿನಂತಿಸುತ್ತೇನೆ.

– ಹಿರಿಯ ಓದುಗ, ಕದ್ರಿ, ಮಂಗಳೂರು