ಎಣಿಕೆ ಕೇಂದ್ರದ ಧ್ವನಿವರ್ಧಕ ಇನ್ನೂ ಎರಡು ಸಂಖ್ಯೆ ಹೇಳಲಿ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ಚುನಾವಣಾಧಿಕಾರಿಗಳು,
ಚಿತ್ರದುರ್ಗ

ಮಾನ್ಯರೇ,

2023ರ ಮೇ 13ರ ಬೆಳಿಗ್ಗೆ ನಾನು ಚಿತ್ರದುರ್ಗದ ಬಸ್ ನಿಲ್ದಾಣದ ಬಳಿಯ ಹೋಟೆಲೊಂದರಲ್ಲಿ ಟಿ.ವಿ. ಮುಂದೆ ನಿಂತಿದ್ದೆ. ವಿಧಾನಸಭಾ ಚುನಾವಣೆಯ ಎಣಿಕೆ ಶುರುವಾಗಿ ಹೆಚ್ಚು ಹೊತ್ತಾಗಿರಲಿಲ್ಲ; ಆದರೂ ಜಿಲ್ಲೆಯ ಕ್ಷೇತ್ರಗಳಿಗೆ ಆಗಲೇ ಬಣ್ಣ ಬಳಿದಾಗಿತ್ತು, ಕೋಟೆನಾಡಿನಲ್ಲಿ ಕೋಟೆ ಕುಸಿಯಿತು ಎಂಬರ್ಥದ ಸಾಲು ಪರದೆಯ ಕೆಳಗೆ ಓಡುತ್ತಿತ್ತು. (ಪ್ರತಿ ಚುನಾವಣೆಯಲ್ಲೂ ಈ ಕೋಟೆ ಕುಸಿಯುತ್ತದೆ, ಬೆಟ್ಟದ ಮೇಲಿನದು ಮಾತ್ರ ಇದ್ದಲ್ಲೇ ಇದೆ.) ದೋಸೆ ಹುಯ್ಯುತ್ತಿದ್ದವರು ಸೌಟು ಹಿಡಿದೇ ತಿರುಗಿ ನೋಡಿ, “ಮುಗೀತಲ್ಲ ಬಿಡಿ” ಎಂದರು.

ಮುಗಿದಿರಲಿಲ್ಲ. ಒಂದು ಸುತ್ತಿಗೆ 14 ಮೇಜು, ಮೇಜಿಗೊಂದು ಮತಗಟ್ಟೆಯಂತೆ ಎಣಿಸಿದರೆ 280 ಮತಗಟ್ಟೆಗಳ ಕ್ಷೇತ್ರಕ್ಕೆ 20 ಸುತ್ತು ಬೇಕು. ಮತಗಟ್ಟೆಗಳ ಕ್ರಮಸಂಖ್ಯೆಯಂತೆ ಎಣಿಕೆ ಸಾಗುವುದರಿಂದ ಮೊದಲೆರಡು ಸುತ್ತುಗಳಲ್ಲಿ ಸಿಗುವುದು ಹೆಚ್ಚಾಗಿ ಕ್ಷೇತ್ರದ ಒಂದು ಮಗ್ಗುಲಿನ ಊರುಗಳ ಒಲವು ಮಾತ್ರ.

ಆದರೆ ನನ್ನ ತಕರಾರು ಆತುರದ ಬಗ್ಗೆ ಅಷ್ಟಲ್ಲ, ಅಂತಿಮ ಫಲಿತಾಂಶ ಬಂದ ಮೇಲೂ ಉಳಿಯುವ ಚಿತ್ರದ ಬಗ್ಗೆ. ಈ ಜಿಲ್ಲೆಯ ಆರು ಸ್ಥಾನಗಳಲ್ಲಿ 2018ರಲ್ಲಿ ಬಿಜೆಪಿ ಐದನ್ನು, ಕಾಂಗ್ರೆಸ್ ಒಂದನ್ನು ಗೆದ್ದಿದ್ದವು; 2023ರಲ್ಲಿ ಲೆಕ್ಕ ತಿರುಗುಮುರುಗಾಯಿತು. ನಕ್ಷೆ ನೋಡಿದವರಿಗೆ ಇಡೀ ಜಿಲ್ಲೆಯೇ ಮಗ್ಗುಲು ಬದಲಿಸಿದಂತೆ ಕಾಣುತ್ತದೆ. ರಾಜ್ಯದ ಮತಗಳನ್ನು ನೋಡಿದರೆ ಬಿಜೆಪಿಗೆ ಎರಡೂ ಸಲ ಬಂದದ್ದು ಶೇ 36ರ ಆಸುಪಾಸು. ಸ್ಥಾನಗಳು ಮಾತ್ರ 104ರಿಂದ 66ಕ್ಕೆ ಇಳಿದವು. ಬದಲಾದದ್ದು ಕಾಂಗ್ರೆಸ್ ಶೇ 38ರಿಂದ ಸುಮಾರು 43ಕ್ಕೆ ಏರಿದ್ದು, ಜೆಡಿಎಸ್ ಶೇ 18ರಿಂದ 13ಕ್ಕೆ ಇಳಿದದ್ದು. 2018ರಲ್ಲಂತೂ ಕಾಂಗ್ರೆಸ್‌ಗೆ ಬಿಜೆಪಿಗಿಂತ ಹೆಚ್ಚು ಮತ ಬಿದ್ದಿದ್ದವು, ಸ್ಥಾನ ಸಿಕ್ಕಿದ್ದು 80. ಹೆಚ್ಚು ಮತ ಪಡೆದವರು ಕ್ಷೇತ್ರ ಗೆಲ್ಲುವುದು ನಮ್ಮ ಪದ್ಧತಿ, ಅದರಲ್ಲಿ ನನಗೆ ಜಗಳವಿಲ್ಲ. ಆದರೆ ಗೆದ್ದ ಸ್ಥಾನವನ್ನೇ ಸಮಸ್ತ ಜನರ ಮನಸ್ಸೆಂದು ಗಂಟೆಗಟ್ಟಲೆ ತೋರಿಸಿದಾಗ, ಸೋತವರಿಗೆ ಮತ ಹಾಕಿದವರು ಲೆಕ್ಕದಿಂದಲೇ ಕಾಣೆಯಾಗುತ್ತಾರೆ.

ಇದು ಬರೀ ಮಾತಿನ ಸಮಸ್ಯೆಯಲ್ಲ. ನಾನು ಕುಳಿತಿದ್ದ ಗ್ರಾಮಸಭೆಯೊಂದರಲ್ಲಿ ಹೆಣ್ಣುಮಗಳೊಬ್ಬರು ಎದ್ದು, ತಮ್ಮ ಕೇರಿಯ ನೀರಿನ ಟ್ಯಾಂಕು ಸೋರುತ್ತಿರುವುದನ್ನು ಹೇಳಿದಾಗ, ವೇದಿಕೆಯಿಂದ ಬಂದ ಉತ್ತರ: “ಜನಾದೇಶ ಬಂದಾಗಿದೆ, ನಿಮ್ಮ ಕೇರಿಯವರು ಯಾರಿಗೆ ಹಾಕಿದ್ರಿ ಅಂತ ಗೊತ್ತಿದೆ.” ಆಕೆ ಮತ್ತೆ ಬಾಯಿ ಬಿಡಲಿಲ್ಲ.

ವಾಹಿನಿಗಳಿಗೆ ಬುದ್ಧಿ ಹೇಳುವುದು ನಿಮ್ಮ ಕೆಲಸವಲ್ಲ ಎಂಬುದು ಗೊತ್ತು. ಎಣಿಕೆ ಕೇಂದ್ರದ ಧ್ವನಿವರ್ಧಕ ಮಾತ್ರ ನಿಮ್ಮ ಸುಪರ್ದಿನಲ್ಲಿದೆ. ಪ್ರತಿ ಸುತ್ತಿನ ಮತಗಳನ್ನು ಘೋಷಿಸುವಾಗ ಇನ್ನೆಷ್ಟು ಸುತ್ತು ಬಾಕಿ ಎಂಬುದನ್ನೂ, ಕೊನೆಯಲ್ಲಿ ಅಂತರದ ಜೊತೆಗೆ ಗೆದ್ದವರ ಮತಪ್ರಮಾಣವನ್ನೂ ಹೇಳಿಸಿ. ವರದಿಗಾರರ ಕೈಗೆ ಕೊಡುವ ಹಾಳೆಯಲ್ಲಿ ಮತ ಹಾಕದವರ ಸಂಖ್ಯೆಯೂ ಇರಲಿ. ಮತಗಟ್ಟೆವಾರು ಲೆಕ್ಕವಿರುವ ನಮೂನೆ 20ನ್ನು ಕನ್ನಡದಲ್ಲಿ ಪ್ರಕಟಿಸಿ ಎಂದು ಕೇಳಬೇಕೆಂದಿದ್ದೆ, ಆದರೆ ಆ ಗ್ರಾಮಸಭೆ ನೆನಪಾಗಿ ಕೈ ತಡೆಯಿತು: ಕೇರಿಯ ಮತ ಯಾರಿಗೆ ಹೋಯಿತೆಂದು ಹುಡುಕುವವರಿಗೆ ಅದು ಇನ್ನೂ ಅನುಕೂಲವಾದೀತು. ಹಾಗಾಗಿ ಧ್ವನಿವರ್ಧಕದ ಮತ್ತು ಹಾಳೆಯ ಕೋರಿಕೆಗಳನ್ನಷ್ಟೇ ಮುಂದಿನ ಎಣಿಕೆಗೆ ಮುನ್ನ ನೀವು ಕರೆಯುವ ಪತ್ರಕರ್ತರ ಸಭೆಯಲ್ಲಿ ಪರಿಗಣಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಚಿತ್ರದುರ್ಗದ ಒಬ್ಬ ಮತದಾರ